ಕಪ್ಪು ಮೊಲದೊಳಗಿನ ಬಣ್ಣಕ್ಕೆ ಎಷ್ಟು ಕೊಡಬಹುದು?

ಒಂದು ಕಪ್ಪು ಹೆಣ್ಣು ಮೊಲಕ್ಕೆ ₹4,000. ಅಂಥವು ಮೂರು, ಒಟ್ಟು ₹12,000. ತಂದ ದಿನ ನಮ್ಮತ್ತೆ, ‘ಕರೀ ಮೊಲ ಒಂಬೈನೂರಕ್ಕೆ ಸಿಗುತ್ತಲ್ಲ’ ಅಂದರು. ಖಂಡಿತ ಸಿಗುತ್ತದೆ. ಪಕ್ಕಪಕ್ಕದಲ್ಲಿಟ್ಟರೆ ಯಾವುದು ಒಂಬೈನೂರರದು, ಯಾವುದು ನಾಲ್ಕು ಸಾವಿರದ್ದು ಎಂದು ನನಗೂ ಹೇಳಲು ಬರುವುದಿಲ್ಲ. ಹೆಚ್ಚಿಗೆ ತೆತ್ತ ₹3,100 ಪೂರ್ತಿಯಾಗಿ ಕಣ್ಣಿಗೆ ಕಾಣದ ವಂಶವಾಹಿಗೆ ಸಂದಿದೆ. ಅಪರೂಪದ ಬಣ್ಣದ ಮೊಲಕ್ಕೆ ಸಿಕ್ಕಾಪಟ್ಟೆ ದುಡ್ಡು ಸುರಿಯುವವರು ಹೆಚ್ಚಾಗಿರುವುದರಿಂದ ಆ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ನಮ್ಮಲ್ಲಿ ಮೊದಲೇ ಒಂದು ಲೈಲಾಕ್ ಗಂಡು ಇತ್ತು. ಲೈಲಾಕ್ ಎಂದರೆ ಬೂದಿಗೆ ತುಸು ಗುಲಾಬಿ ಬೆರೆತಂಥ ಬಣ್ಣ. ಈ ಬಣ್ಣ ಬರಬೇಕಾದರೆ ಎರಡು ಅಡಗಿದ ಗುಣಗಳು ಜೋಡಿಯಾಗಿ ಕೂಡಿಬರಬೇಕು. ಕಪ್ಪನ್ನು ಚಾಕೊಲೇಟ್ ಮಾಡುವ ಗುಣ ಒಂದು, ಬಣ್ಣವನ್ನು ತೆಳುವಾಗಿಸುವ ಗುಣ ಇನ್ನೊಂದು. ಮೊದಲನೆಯದು ಮಾತ್ರ ಇದ್ದರೆ ಮರಿ ಚಾಕೊಲೇಟ್, ಎರಡನೆಯದು ಮಾತ್ರ ಇದ್ದರೆ ಬ್ಲೂ. ಯಾವ ಗುಣದ ಮರಿ ಎಷ್ಟು ಹುಟ್ಟಬಹುದು ಎಂದು ಲೆಕ್ಕ ಹಾಕುವ ವಂಶವಾಹಿಗಳ ಚೌಕಕ್ಕೆ ಹೆಸರು ಕೊಟ್ಟ ಕೇಂಬ್ರಿಡ್ಜ್‌ನ ಪ್ರೊಫೆಸರ್ ಪನೆಟ್ ಸ್ವತಃ ಮೊಲ ಸಾಕುತ್ತಿದ್ದರು. 1922ರಲ್ಲಿ ಅವರು ನೀಲಿ ಬೆವರೆನ್ ತಳಿಯನ್ನೂ ಚಾಕೊಲೇಟ್ ಬಣ್ಣದ ಹವಾನಾ ತಳಿಯನ್ನೂ ಕೂಡಿಸಿ ಇದೇ ಬಣ್ಣ ತೆಗೆದರು. ಅವರ ಚೌಕ ನೂರು ವರ್ಷದ ಮೇಲೂ ನಮ್ಮ ಶೆಡ್ಡಿನಲ್ಲಿ ಹಾಗೇ ನಡೆಯುತ್ತಿದೆ.

ಮೊಲ ಮಾರಿದವರು ನಿವೃತ್ತ ಮೇಷ್ಟ್ರು. ‘ಮಗಳನ್ನ ಆಮೇಲೆ ನೋಡಿ ಅಮ್ಮಾ, ಮೊದಲು ತಾಯಿಯನ್ನ ನೋಡಿ’ ಎಂದು ಒಳಗಿನ ಗೂಡಿಗೆ ಕರೆದೊಯ್ದರು. ತಾಯಿ ಲೈಲಾಕ್. ಅದರ ಬೆನ್ನಿನ ಕೂದಲನ್ನು ಎದುರಾಗಿ ಊದಿ ತೋರಿಸಿದರು. ಕೂದಲು ಸುಳಿಯಾಗಿ ತೆರೆದುಕೊಂಡಾಗ ಬುಡದಿಂದ ತುದಿವರೆಗೂ ಒಂದೇ ಬಣ್ಣ. ಕಾಡುಬಣ್ಣದ ಮೊಲವನ್ನೋ ಚಿಂಚಿಲ್ಲಾವನ್ನೋ ಹೀಗೆ ಊದಿದರೆ ಉಂಗುರ ಉಂಗುರವಾಗಿ ಬೇರೆ ಬೇರೆ ಬಣ್ಣ ಕಾಣುತ್ತದೆ. ಆಮೇಲೆ ಪುಸ್ತಕ ತೆರೆದರು. ಯಾವ ದಿನ ಯಾವುದಕ್ಕೆ ಬಿಟ್ಟಿದ್ದು, ಎಷ್ಟು ಮರಿ, ಯಾವ ಬಣ್ಣ, ಕಿವಿಯ ನಂಬರು, ಎಲ್ಲವೂ ಇತ್ತು. ಲೈಲಾಕ್ ತಾಯಿಯಲ್ಲಿ ಕೊಡಲು ಇರುವುದು ಆ ಅಡಗಿದ ಗುಣಗಳೇ. ಹಾಗಾಗಿ ಮಗಳು ಎಷ್ಟೇ ಕಪ್ಪಗಿರಲಿ, ಎರಡಕ್ಕೂ ಕ್ಯಾರಿಯರ್, ಅಂದರೆ ಹೊರಗೆ ಕಾಣದಿದ್ದರೂ ಒಳಗೆ ಆ ಗುಣಗಳನ್ನು ಹೊತ್ತದ್ದು. ಇದರಲ್ಲಿ ನಂಬಿಕೆಯ ಪ್ರಶ್ನೆಯೇ ಬರುವುದಿಲ್ಲ. ತಾಯಿ ಎದುರಿಗಿದೆ, ಬರಹ ಕೈಯಲ್ಲಿದೆ.

ಈಗ ಲೆಕ್ಕ. ಮಲೆನಾಡಿನ ಅಂಚಿನಲ್ಲಿದ್ದರೂ ಬೇಸಿಗೆಯಲ್ಲಿ ನಾವು ಮೊಲ ಕೂಡಿಸುವುದಿಲ್ಲ. ಬಿಸಿಲು ಮೂವತ್ತು ಡಿಗ್ರಿ ದಾಟಿ ಹಾಗೇ ನಿಂತರೆ ಗಂಡಿನ ಫಲವಂತಿಕೆ ಕುಸಿಯುತ್ತದೆ. ಆದ್ದರಿಂದ ವರ್ಷಕ್ಕೆ ನಾಲ್ಕು ಸೂಲು, ಸೂಲಿಗೆ ಐದು ಮರಿ ಉಳಿಯುತ್ತವೆ ಅಂತ ಹಿಡಿಯಿರಿ. ಒಂದು ಹೆಣ್ಣಿಗೆ ಇಪ್ಪತ್ತು ಮರಿ. ಲೈಲಾಕ್ ಗಂಡಿಗೆ ಆ ಗುಣಗಳಿಲ್ಲದ ಸಂತೆಯ ಕಪ್ಪು ಹೆಣ್ಣು ಕೂಡಿಸಿದರೆ ಇಪ್ಪತ್ತೂ ಕಪ್ಪು. ಎರಡು ತಿಂಗಳ ಮರಿಗೆ ₹500ರಂತೆ ₹10,000. ಕ್ಯಾರಿಯರ್ ಹೆಣ್ಣಾದರೆ ಕಪ್ಪು, ಬ್ಲೂ, ಚಾಕೊಲೇಟ್, ಲೈಲಾಕ್ ನಾಲ್ಕೂ ಸರಾಸರಿ ಐದೈದು. ನಾನು ಮಾರಿದ ದರದಲ್ಲಿ ಲೈಲಾಕ್ ₹2,000ರಂತೆ 10,000, ಚಾಕೊಲೇಟ್ ₹1,000ರಂತೆ 5,000, ಬ್ಲೂ ₹900ರಂತೆ 4,500, ಕಪ್ಪು 2,500. ಒಟ್ಟು ₹22,000. ಮೇವು, ಪೆಲೆಟ್, ಗೂಡು, ಔಷಧಿ ಎರಡಕ್ಕೂ ಒಂದೇ, ಆ ಖರ್ಚನ್ನು ಇಲ್ಲಿ ಹಿಡಿಯಬೇಕಿಲ್ಲ. ₹3,100 ಹೆಚ್ಚಿಗೆ ಕೊಟ್ಟದ್ದಕ್ಕೆ ವರ್ಷದಲ್ಲಿ ₹12,000 ಹೆಚ್ಚು ಬಂತು.

ಒಂಬೈನೂರರ ಮೊಲವನ್ನೇ ತಂದು ಅದರ ಹೆಣ್ಣುಮರಿಗಳನ್ನು ಬೆಳೆಸಬಹುದಲ್ಲ? ಬೆಳೆಸಬಹುದು. ಗರ್ಭಕ್ಕೆ ಒಂದು ತಿಂಗಳು, ಮರಿ ಬೆದೆಗೆ ಬರಲು ಆರು, ಅದರ ಗರ್ಭಕ್ಕೆ ಮತ್ತೊಂದು, ಮಾರುವ ಹದಕ್ಕೆ ಎರಡು. ಮೊದಲ ಲೈಲಾಕ್ ಮಾರಾಟವಾಗುವಾಗ ಹತ್ತು ತಿಂಗಳು ಕಳೆದಿರುತ್ತದೆ. ಅಪ್ಪನಿಗೇ ಮಗಳನ್ನು ಬಿಡಬಾರದು ಎಂದರೆ ಇನ್ನೊಂದು ಲೈಲಾಕ್ ಗಂಡನ್ನೂ ಕೊಳ್ಳಬೇಕು. ಬಿಳಿ ನ್ಯೂಜಿಲೆಂಡ್ ತಳಿಯ ಹೆಣ್ಣು ತಂದರೆ ದಾರಿ ಇನ್ನೂ ದೂರ. ಬಿಳಿ ಎಲ್ಲವನ್ನೂ ಮುಚ್ಚಿಡುತ್ತದೆ. ಅದರಡಿ ಕಾಡುಬಣ್ಣ ಇದ್ದರೆ ಮೊದಲ ಪೀಳಿಗೆ ಪೂರ್ತಿ ಕಂದುಬೂದು, ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೊಂದು ಬರಬೇಕಿದ್ದ ಲೈಲಾಕ್ ಎಂಟಕ್ಕೊಂದು.

ಸರಾಸರಿ ಎಂಬುದು ಪ್ರತಿ ಸೂಲಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ನಮ್ಮ ಒಂದು ಹೆಣ್ಣಿನ ಮೊದಲ ಸೂಲಿನಲ್ಲಿ ಲೈಲಾಕ್ ಒಂದೂ ಬರಲಿಲ್ಲ. ಮರಿಗಳಿಗೆ ಕೂದಲು ಬರುವ ಮೊದಲೇ ಚರ್ಮದಲ್ಲಿ ಛಾಯೆ ತಿಳಿಯುತ್ತದೆ. ಎರಡು ಕಡುಕಪ್ಪು, ಎರಡು ಮಂಕು ಬೂದು, ಒಂದು ಕಂದು. ನಾನು ಗಾಬರಿಯಾಗಲಿಲ್ಲ. ಐದು ಮರಿಯಲ್ಲಿ ಒಂದೂ ಲೈಲಾಕ್ ಆಗದಿರುವ ಸಾಧ್ಯತೆ ಮುಕ್ಕಾಲನ್ನು ಐದು ಬಾರಿ ಗುಣಿಸಿದಷ್ಟು, ಅಂದರೆ ಸುಮಾರು 24 ಪರ್ಸೆಂಟ್. ಬ್ಲೂ, ಚಾಕೊಲೇಟ್ ಎರಡೂ ಕಂಡಿದ್ದರಿಂದ ತಾಯಿಯಲ್ಲಿ ಎರಡೂ ಗುಣ ಇರುವುದು ಅಲ್ಲೇ ಖಾತ್ರಿಯಾಯಿತು. ಐದಕ್ಕೈದೂ ಕಪ್ಪಾಗಿದ್ದರೆ? ನಿಜವಾದ ಕ್ಯಾರಿಯರ್‌ನಲ್ಲಿ ಹಾಗಾಗುವ ಸಾಧ್ಯತೆ 1,024ರಲ್ಲಿ ಒಂದು. ಅದಕ್ಕೇ ಮೇಷ್ಟ್ರಿಂದ ಮೊದಲೇ ಬರೆಸಿಕೊಂಡಿದ್ದೆ: ಮೊದಲ ಸೂಲು ಐದಕ್ಕೆ ಕಡಿಮೆಯಿಲ್ಲದೆ ಇದ್ದು ಎಲ್ಲವೂ ಕಪ್ಪಾದರೆ ಹೆಚ್ಚಿನ ದುಡ್ಡು ವಾಪಸ್. ಅವರು ತಕರಾರಿಲ್ಲದೆ ಸಹಿ ಹಾಕಿದರು. ಇಂಥ ಚೀಟಿಗೆ ಸಹಿ ಹಾಕಲು ಹಿಂಜರಿಯುವವರ ಹತ್ತಿರ ದಯವಿಟ್ಟು ಕೊಳ್ಳಬೇಡಿ.

ಬಣ್ಣದ ಬೆಲೆ ನಿಲ್ಲುವುದಿಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇಂದು ನಮ್ಮಿಂದ ಜೋಡಿ ಕೊಂಡವರು ಒಂದು ವರ್ಷದೊಳಗೆ ನಮ್ಮ ಪಕ್ಕದಲ್ಲೇ ಮಾರಲು ನಿಲ್ಲುತ್ತಾರೆ. 1913ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಪ್ರದರ್ಶನಕ್ಕೆ ಬಂದ ಚಿಂಚಿಲ್ಲಾ ಮೊಲಕ್ಕೆ ಮುಂದಿನ ದಶಕದಲ್ಲಿ ಯುರೋಪು, ಅಮೆರಿಕದ ಜನ ಮುಗಿಬಿದ್ದರು. ಅದೇ ಬಣ್ಣದ ಸೋವಿಯತ್ ಚಿಂಚಿಲ್ಲಾ ಇಂದು ನಮ್ಮ ದೇಶದಲ್ಲಿ ಕಿಲೋ ಲೆಕ್ಕದಲ್ಲಿ ತೂಗುವ ಮಾಂಸದ ತಳಿ. ನನ್ನ ಲೆಕ್ಕದಲ್ಲೂ ಲೈಲಾಕ್ ₹700ಕ್ಕೆ ಇಳಿದು ಉಳಿದ ಬಣ್ಣವೆಲ್ಲ ₹500 ಆದರೆ ವರ್ಷದ ಹೆಚ್ಚುವರಿ ಬರೀ ₹1,000. ಆಗ ₹3,100 ತೀರಲು ಮೂರು ವರ್ಷ ದಾಟುತ್ತದೆ. ಹಾಗಾಗಿ ಬಣ್ಣಕ್ಕೆ ಕೊಟ್ಟ ದುಡ್ಡು ಮೊದಲ ವರ್ಷದಲ್ಲೇ ವಾಪಸ್ ಬರುವಂತಿದ್ದರೆ ಮಾತ್ರ ಕೊಡಿ.

‘ಅಪರೂಪದ ಬಣ್ಣದ ಯೂನಿಟ್’ ಎಂದು ಏಳು ಹೆಣ್ಣು, ಮೂರು ಗಂಡು ಕಟ್ಟಿ ಮಾರಿ, ಮರಿಗಳನ್ನೆಲ್ಲ ನಾವೇ ಕೊಳ್ಳುತ್ತೇವೆ ಎನ್ನುವ ಬೈ-ಬ್ಯಾಕ್ ಯೋಜನೆಗಳನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ. ಆ ಮರಿಗಳನ್ನು ಕೊನೆಗೆ ಕೊಳ್ಳುವವರು ಯಾರು? ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. ಹೊಸದಾಗಿ ಸೇರಿದವರ ದುಡ್ಡಿನಲ್ಲಿ ಹಳಬರಿಗೆ ಕೊಡುವ ಆಟವಿದು. 2012ರಲ್ಲಿ ತಮಿಳುನಾಡಿನ ಪೆರುಂದುರೈ ಸುತ್ತಮುತ್ತ ಎಮು ಯೋಜನೆಗಳು ಕುಸಿದಾಗ ರೈತರು ಹಕ್ಕಿಗಳಿಗೆ ಮೇವು ಹಾಕಲೂ ಗತಿಯಿಲ್ಲದೆ ಕೂತದ್ದನ್ನು ಇಷ್ಟು ಬೇಗ ಮರೆತೆವೇ? ಇಂಥ ಯೂನಿಟ್ಟುಗಳಲ್ಲಿ ಮೈಯೆಲ್ಲ ಬಿಳಿ, ಮೂಗಿನ ಮೇಲೆ, ಕಿವಿಯಲ್ಲಿ ಸ್ವಲ್ಪ ಬಣ್ಣ ಇರುವ ‘ಚಾರ್ಲಿ’ಗಳನ್ನು ಸ್ಪೆಷಲ್ ಎಂದು ಸೇರಿಸುತ್ತಾರೆ. ಮಚ್ಚೆಯ ವಂಶವಾಹಿ ಎರಡೂ ಕಡೆಯಿಂದ ಬಂದಾಗ ಹುಟ್ಟುವ ಮೊಲವದು. ದೊಡ್ಡ ಕರುಳು ಹಿಗ್ಗಿ, ಹಿಕ್ಕೆ ಸರಿಯಾಗಿ ಬೀಳದೆ ನರಳುವುದು ಅವುಗಳಲ್ಲೇ ಹೆಚ್ಚು. ನರಳುವ ಪ್ರಾಣಿಗೆ ಹೆಚ್ಚಿನ ಬೆಲೆ ಕಟ್ಟುವುದು ಯಾವ ವ್ಯಾಪಾರ? ಮಚ್ಚೆಯ ಮೊಲ ಬೇಕಿದ್ದರೆ ಮಚ್ಚೆಯದನ್ನು ಒಂದೇ ಬಣ್ಣದ ಮೊಲಕ್ಕೆ ಕೂಡಿಸಿ, ಅರ್ಧ ಮರಿಗಳು ಮಚ್ಚೆಯವೇ ಆಗುತ್ತವೆ, ಚಾರ್ಲಿ ಹುಟ್ಟುವುದಿಲ್ಲ.

ಮೇಷ್ಟ್ರಂತೆ ನೀವೂ ದಾಖಲೆ ಪುಸ್ತಕ ಬರೆಯಿರಿ. ದಿನಕ್ಕೆ ಐದು ನಿಮಿಷದ ಕೆಲಸ. ಫೋನಿನಲ್ಲಿ ಮರಿಗಳ ನೂರಾರು ಫೋಟೊ ಇಟ್ಟುಕೊಂಡು ಅಪ್ಪ ಯಾರು ಅಂತ ಕೇಳಿದರೆ ತಡವರಿಸುವವರನ್ನು ಸಾಕಷ್ಟು ನೋಡಿದ್ದೇನೆ. ಹಾಲು ಬಿಡಿಸುವ ಮೊದಲೇ ಮರಿಯ ಬಣ್ಣ ಬರೆದಿಡಿ, ಬಿಡಿಸಿದ ದಿನವೇ ಕಿವಿಗೆ ನಂಬರು ಹಾಕಿ. ಸತ್ತ ಮರಿಯ ಬಣ್ಣವನ್ನೂ ಬರೆಯಿರಿ, ತಾಯಿಯ ಗುಣಕ್ಕೆ ಅದೂ ಸಾಕ್ಷಿ.

ಈಗ ನಮ್ಮಲ್ಲಿ ಲೈಲಾಕ್ ಗಂಡಿಗೆ ಹುಟ್ಟುವ ಪ್ರತಿ ಕಪ್ಪು ಮರಿಯೂ ಕ್ಯಾರಿಯರ್. ಮಕ್ಕಳು ಸಾಕಲು ಕೇಳಿದರೆ ಅದಕ್ಕೆ ಹಳೆಯ ₹500. ತಳಿಗೆಂದು ಬಂದವರಿಗೆ ತಂದೆ-ತಾಯಿ ತೋರಿಸಿ, ಪುಸ್ತಕದ ಪುಟದ ನಕಲು ಕೊಟ್ಟು, ಅದೇ ಷರತ್ತಿನ ಚೀಟಿಗೆ ನಾನೇ ಸಹಿ ಹಾಕಿ ₹1,500 ತೆಗೆದುಕೊಳ್ಳುತ್ತಿದ್ದೇನೆ.