ಮರಳು ಹುಡುಕಿ ಗಡಿ ದಾಟುವವರಿಗೆ

ಜೀಪು ಹತ್ತಿ ಒರಟು ಹಾದಿ ಅರಸುವ ಗೆಳೆಯರೇ, ಮರಳಿಗಾಗಿ ರಾಜಸ್ಥಾನದವರೆಗೆ ಹೋಗಬೇಕಿಲ್ಲ. ಬಳ್ಳಾರಿಯಿಂದ ಆಂಧ್ರದ ರಾಯದುರ್ಗ ಸುಮಾರು 50 ಕಿ.ಮೀ. ಅದೇ ಸೀಮೆಯ ಕಣೇಕಲ್ ಸುತ್ತ ಹಗರಿ ಹೊಳೆಯ ಮರಳನ್ನು ಗಾಳಿ ದಿಬ್ಬವಾಗಿ ಪೇರಿಸಿದೆ. ಬೆಂಗಳೂರಿನವರಿಗೆ ಮಡಕಶಿರಾದ ಕಲ್ಲುಗುಡ್ಡಗಳು ಇನ್ನೂ ಹತ್ತಿರ. ನಸುಕಿಗೆ ಹೊರಟು ಮಧುಗಿರಿ ಮೇಲೆ ಹೋದರೆ ತಿಂಡಿ ಹೊತ್ತಿಗೆ ಮುಟ್ಟಬಹುದು.

ಮರಳಿಗಿಳಿಯುವ ಮುನ್ನ ಟೈರಿನ ಗಾಳಿ ಇಳಿಸಿ. ಮತ್ತೆ ತುಂಬಲು ಪಂಪು ಜೊತೆಗಿರಲಿ. ಒಂಟಿ ಗಾಡಿಯಲ್ಲಂತೂ ಹೋಗಲೇಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಬೇರೆಯೇ ಇದೆ. ನಿಮಗೆ ಖುಷಿ ಕೊಡುವ ಆ ದಿಬ್ಬಗಳು ಅಲ್ಲಿಯ ರೈತರ ಹೊಲಗಳನ್ನು ನುಂಗಿದ ಮರಳು. ಉಳಿದ ನೆಲ ಮುಂಗಾರಿನಲ್ಲಿ ಖಾಲಿ ಕಂಡರೂ ಒಳಗೆ ಶೇಂಗಾ ಬೀಜವಿರುತ್ತದೆ. ಚಕ್ರ ಇಳಿಸುವ ಮೊದಲು ಹೊಲದವರನ್ನು ಕೇಳಿ. ಗಡಿಯ ಆ ಊರುಗಳಲ್ಲಿ ಕನ್ನಡವೂ ನಡೆಯುತ್ತದೆ.