ಮೀನಿನ ಮೈ ಏನು ಹೇಳುತ್ತದೆ?

ಮಕ್ಕಳೇ, ಸಾಂಗಲಿಯ ಹತ್ತಿರ ಹರಿಪುರ ಎಂಬ ಊರಿದೆ. ಅಲ್ಲಿ ಕೃಷ್ಣಾ ಮತ್ತು ವಾರಣಾ ನದಿಗಳು ಕೂಡುತ್ತವೆ. ಸಂಗಮದ ದಂಡೆಯ ಮೇಲೆ ಸಂಗಮೇಶ್ವರನ ಗುಡಿಯಿದೆ. ನದಿಯ ನೀರು ಸಿಹಿ. ಅಲ್ಲಿನ ಮೀನುಗಳಿಗೆ ಅದೇ ಹಿತ. ಸಮುದ್ರದ ನೀರು ಉಪ್ಪು. ಅದರ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಸಮುದ್ರದ ಮೀನುಗಳಿಗೆ ಅಂಥ ನೀರೇ ಬೇಕು.

ಮುಂಬೈಯಲ್ಲಿ 1951ರಲ್ಲಿ ತಾರಾಪೊರವಾಲಾ ಮತ್ಸ್ಯಾಲಯ ಆರಂಭವಾಯಿತು. ಜನರು ಗಾಜಿನ ಆಚೆ ಈಜುವ ಸಮುದ್ರದ ಮೀನುಗಳನ್ನು ಅಲ್ಲಿ ಕಣ್ಣಾರೆ ಕಂಡರು. ಈಗ ಕೆಲವರು ಮನೆಯಲ್ಲಿಯೂ ಉಪ್ಪುನೀರಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕುತ್ತಾರೆ. ನಮಗೆ ನೋವಾದರೆ ಬಾಯಿಬಿಟ್ಟು ಹೇಳುತ್ತೇವೆ. ಮೀನು ಹೇಗೆ ಹೇಳಬೇಕು? ಅದರ ಮೈಯೇ ಹೇಳುತ್ತದೆ. ನಾವು ನೋಡಲು ಕಲಿಯಬೇಕು.

ಮೀನಿನ ಮೈಮೇಲೆ ತೆಳುವಾದ ಲೋಳೆ ಇರುತ್ತದೆ. ಅದೇ ಅದರ ಕವಚ. ರೋಗಾಣುಗಳನ್ನು ಅದು ತಡೆಯುತ್ತದೆ. ಒಣಗಿದ ಕೈಯಿಂದ ಮೀನನ್ನು ಹಿಡಿದರೆ ಲೋಳೆ ಕಿತ್ತುಹೋಗುತ್ತದೆ. ಆದ್ದರಿಂದ ಮೀನನ್ನು ಸುಮ್ಮಸುಮ್ಮನೆ ಮುಟ್ಟಬಾರದು.

ದಿನಾಲು ಆಹಾರ ಹಾಕುವಾಗ ಮೀನನ್ನು ಗಮನಿಸಿರಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡರೆ ಅದು ಬಿಳಿಚುಕ್ಕೆ ರೋಗವಿರಬಹುದು. ಮೈಮೇಲೆ ಸಣ್ಣ ಹುಡಿ ಉದುರಿಸಿದಂತೆ ಕಂಡು, ಮೀನು ಜೋರಾಗಿ ಉಸಿರಾಡುತ್ತಿದ್ದರೆ ಅದು ಇನ್ನೂ ಬೇಗ ಕೊಲ್ಲುವ ರೋಗವಿರಬಹುದು. ರೆಕ್ಕೆಯ ಅಂಚು ಹರಿದು ಕರಗುತ್ತಿದ್ದರೆ ಅದು ರೆಕ್ಕೆ ಕೊಳೆಯುವ ರೋಗ. ಮೀನು ಕಲ್ಲಿಗೆ ಮೈ ಉಜ್ಜುವುದು, ಆಹಾರ ಬಿಡುವುದು, ಮೂಲೆ ಸೇರುವುದು ಕೂಡ ರೋಗದ ಗುರುತುಗಳೇ.

ಬಿಳಿಚುಕ್ಕೆ ರೋಗಕ್ಕೆ ಒಂದು ಪರೋಪಜೀವಿ ಕಾರಣ. ಅದು ಕೆಲವು ದಿನ ಮೀನಿನ ಚರ್ಮದೊಳಗೆ ಬೆಳೆಯುತ್ತದೆ. ಆಮೇಲೆ ಮೈಬಿಟ್ಟು ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಆಗ ಚುಕ್ಕೆಗಳು ಮಾಯವಾಗುತ್ತವೆ. "ರೋಗ ವಾಸಿಯಾಯಿತು" ಎಂದು ನಾವು ಹಿಗ್ಗುತ್ತೇವೆ. ಆದರೆ ತಳದಲ್ಲಿ ಅದು ಗಟ್ಟಿ ಕೋಶ ಕಟ್ಟಿಕೊಂಡು ಕುಳಿತಿರುತ್ತದೆ. ಒಂದು ಕೋಶದಿಂದ ನೂರಕ್ಕೂ ಹೆಚ್ಚು ಮರಿಗಳು ಹೊರಬರಬಲ್ಲವು. ಅವು ತೊಟ್ಟಿಯ ಎಲ್ಲ ಮೀನುಗಳನ್ನೂ ಹಿಡಿಯುತ್ತವೆ. ಚುಕ್ಕೆ ಹೋದ ಮಾತ್ರಕ್ಕೆ ರೋಗ ಹೋಗಿಲ್ಲ ಎಂಬುದನ್ನು ಮರೆಯಬೇಡಿರಿ.

ಹಾಗಾದರೆ ಏನು ಮಾಡಬೇಕು? ಮೊದಲು ಹಿರಿಯರಿಗೆ ತಿಳಿಸಿ ನೀರನ್ನು ಪರೀಕ್ಷಿಸಬೇಕು. ನೀರು ಕೆಟ್ಟರೆ ಮೀನಿನ ಶಕ್ತಿ ಕುಂದುತ್ತದೆ. ಬಿಳಿಚುಕ್ಕೆ ಬಂದಿದ್ದರೆ ಎಲ್ಲ ಮೀನುಗಳನ್ನೂ ಬೇರೆ ತೊಟ್ಟಿಗೆ ಸಾಗಿಸಬೇಕು. ಆ ನೀರಿನ ಉಪ್ಪು, ಬಿಸುಪು ಎರಡೂ ಮೊದಲಿನಷ್ಟೇ ಇರಬೇಕು. ತಿಳಿದವರ ಸಲಹೆಯಂತೆ ಅಲ್ಲಿಯೇ ಔಷಧ ಕೊಡಬೇಕು. ತಾಮ್ರದ ಔಷಧವನ್ನು ಮುಖ್ಯ ತೊಟ್ಟಿಗೆ ಹಾಕಿದರೆ ಅಲ್ಲಿನ ಸೀಗಡಿ, ಹವಳಗಳು ಸಾಯುತ್ತವೆ. ಮುಖ್ಯ ತೊಟ್ಟಿಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಮೀನಿಲ್ಲದೆ ಬಿಟ್ಟರೆ ಮರಿಗಳು ಆಸರೆ ಸಿಗದೆ ಸಾಯುತ್ತವೆ.

ಹರಿಪುರ ಅರಿಶಿನದ ಹಗೇವುಗಳಿಗೆ ಹೆಸರಾದ ಊರು. ನಮ್ಮ ಗಾಯಕ್ಕೆ ನಾವು ಅರಿಶಿನ ಹಚ್ಚುತ್ತೇವೆ. ಹಾಗೆಂದು ಮೀನಿನ ತೊಟ್ಟಿಗೆ ಅರಿಶಿನ ಸುರಿಯಬಾರದು. ಮೀನು ಆ ನೀರಿನಲ್ಲಿಯೇ ಉಸಿರಾಡಬೇಕಲ್ಲವೇ? ರೋಗದ ಮೀನನ್ನು ನದಿಗೆ ಬಿಡುವುದೂ ತಪ್ಪು. ಸಮುದ್ರದ ಮೀನು ಸಿಹಿನೀರಿನಲ್ಲಿ ಬದುಕದು. ಸಿಹಿನೀರಿನ ಸಾಕುಮೀನಾದರೆ ಅದರ ರೋಗ ನದಿಯ ಮೀನುಗಳಿಗೂ ಅಂಟಬಹುದು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಮೊದಲೇ ಎಚ್ಚರವಹಿಸುವುದು. ಹೊಸ ಮೀನನ್ನು ತಂದ ಕೂಡಲೆ ಉಳಿದವುಗಳ ಜೊತೆ ಬಿಡಬೇಡಿರಿ. ಕೆಲವು ವಾರ ಬೇರೆ ಇಟ್ಟು ನೋಡಿರಿ. ಕೈಗೆ ಗಾಯವಾಗಿದ್ದರೆ ತೊಟ್ಟಿಯೊಳಗೆ ಕೈ ಹಾಕಬೇಡಿರಿ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಸಾಕಿದ ಜೀವ ನಮ್ಮನ್ನೇ ನಂಬಿರುತ್ತದೆ. ದಿನಕ್ಕೆ ಐದು ನಿಮಿಷ ಕಣ್ಣಿಟ್ಟು ನೋಡಿದರೆ ಅದರ ಪ್ರಾಣ ಉಳಿದೀತು.

ಹೊಸ ಪದಗಳು
ಪರೋಪಜೀವಿ – ಬೇರೆ ಜೀವಿಯ ಆಸರೆಯಲ್ಲಿ ಬದುಕುವ ಜೀವಿ
ಬಿಸುಪು – ಶಾಖ
ಹಗೇವು – ನೆಲದೊಳಗಿನ ಕಣಜ

ಅಭ್ಯಾಸ
1. ಮೀನಿನ ಮೈಮೇಲಿನ ಲೋಳೆಯ ಉಪಯೋಗವೇನು?
2. ಚುಕ್ಕೆ ಮಾಯವಾದರೂ ರೋಗ ಹೋಗಿಲ್ಲ ಎನ್ನಲು ಕಾರಣವೇನು?
3. ಹೊಸ ಮೀನನ್ನು ಬೇರೆ ಇಡಬೇಕು ಏಕೆ?

ಉಪಕ್ರಮ: ನಿಮ್ಮ ಊರಿನ ಹಳ್ಳ, ಕೆರೆ ಅಥವಾ ನದಿಯಲ್ಲಿ ಸಿಗುವ ಮೀನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆಯಿರಿ.