ಆನರ್ಸ್ ಸೀಟು ಸಿಕ್ಕಿತು, ಮುಂದೇನು?

ಅಮೆರಿಕದ ಒಂದು ದೊಡ್ಡ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತ, ಅಲ್ಲಿನ ಆನರ್ಸ್ ಕಾಲೇಜಿಗೆ ಬರುವ ಅರ್ಜಿಗಳನ್ನು ಓದುತ್ತ, ವಿದ್ಯಾರ್ಥಿಗಳ ಥೀಸಿಸ್‌ಗೆ ಜೊತೆಯಾಗುತ್ತ ಬಂದಿದ್ದೇನೆ. ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲೂ ಇದೇ ಮಾತು: ‘ಮಗಳಿಗೆ ಆನರ್ಸ್ ಸಿಕ್ಕಿದೆ, ಸೇರಿಸಬಹುದಾ?’ ‘ಮಗನಿಗೆ ಸಿಗಲಿಲ್ಲ, ಮುಂದೆ ತೊಂದರೆ ಆಗುತ್ತಾ?’ ಕೇಳಿದವರಿಗೆ ಹೇಳುತ್ತ ಬಂದದ್ದು ಇಷ್ಟು.

1. ಇದು ಏನೆಂದು ಮೊದಲು ತಿಳಿದುಕೊಳ್ಳಿ

1922ರಲ್ಲಿ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷ ಫ್ರಾಂಕ್ ಏಡಲಾಟ್, ತಾವು ಆಕ್ಸ್‌ಫರ್ಡ್‌ನಲ್ಲಿ ಓದುವಾಗ ಕಂಡದ್ದನ್ನು ಅಮೆರಿಕಕ್ಕೆ ಒಗ್ಗಿಸಿದರು. ಕೆಲವೇ ಜನ ಕೂತು ನಡೆಸುವ ಸೆಮಿನಾರು, ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು. ರಾಜ್ಯ ವಿಶ್ವವಿದ್ಯಾಲಯಗಳ ಪೈಕಿ ಟೆಕ್ಸಾಸ್‌ನ ಆನರ್ಸ್ ಕಾರ್ಯಕ್ರಮ ‘ಪ್ಲಾನ್ 2’ ಶುರುವಾದದ್ದು 1935ರಲ್ಲಿ. ಅರಿಜೋನಾ ಸ್ಟೇಟ್‌ನ ಬ್ಯಾರೆಟ್ ಕಾಲೇಜು 1988ರದು, ಪೆನ್ ಸ್ಟೇಟ್‌ನ ಶ್ರೇಯರ್ 1997ರದು. ಸಾವಿರಾರು ಮಕ್ಕಳು ಓದುವ ರಾಜ್ಯ ವಿಶ್ವವಿದ್ಯಾಲಯದೊಳಗೇ ಒಂದು ಚಿಕ್ಕ ಕಾಲೇಜನ್ನು ಕಟ್ಟಿ, ದುಬಾರಿ ಖಾಸಗಿ ಕಾಲೇಜುಗಳ ಕಡೆ ಹೊರಟ ಜಾಣ ಮಕ್ಕಳನ್ನು ತಮ್ಮಲ್ಲೇ ಉಳಿಸಿಕೊಳ್ಳುವುದು ಇವುಗಳ ಒಂದು ಉದ್ದೇಶ. ಅದರಲ್ಲಿ ತಪ್ಪೇನೂ ಇಲ್ಲ. ಗೊತ್ತಿದ್ದರೆ ನಿರ್ಧಾರ ಸುಲಭವಾಗುತ್ತದೆ.

ಪದವಿ ಪತ್ರದಲ್ಲಿ ಬರುವ ‘ಕಮ್ ಲಾಡೆ’ ಬೇರೆ ವಿಷಯ. ಬಹಳ ಕಡೆ ಅದು ಅಂಕಗಳ ಲೆಕ್ಕದ ಮೇಲೆ ಸಿಗುತ್ತದೆ, ಆನರ್ಸ್ ಸೇರದವರಿಗೂ ಸಿಗುತ್ತದೆ.

2. ಅರ್ಜಿಯಲ್ಲಿ ನಾವು ಹುಡುಕುವುದು ಒಂದು ಪ್ರಶ್ನೆಯನ್ನು

ನಮ್ಮ ಮಕ್ಕಳ ಅರ್ಜಿಗಳಲ್ಲಿ ಅಂಕಗಳಿಗೆ ಬರವಿಲ್ಲ. ರೊಬೊಟಿಕ್ಸ್, ಗಣಿತ ಸ್ಪರ್ಧೆ, ಭರತನಾಟ್ಯದ ರಂಗಪ್ರವೇಶ, ದೇವಸ್ಥಾನದಲ್ಲಿ ಸೇವೆ, ಎಲ್ಲವೂ ಇರುತ್ತವೆ. ರಂಗಪ್ರವೇಶದ ಮೇಲೆ ಬರೆದ ಎಸ್ಸೆಗಳು ಸಾಮಾನ್ಯವಾಗಿ ‘ಶಿಸ್ತು ಕಲಿತೆ, ನನ್ನ ಬೇರುಗಳನ್ನು ಅರಿತೆ’ ಎಂದು ಮುಗಿಯುತ್ತವೆ. ಓದುವವರಿಗೆ ಆ ಹುಡುಗಿ ಯಾರೆಂದೇ ತಿಳಿಯುವುದಿಲ್ಲ.

ಒಬ್ಬ ಹುಡುಗಿ ಕೋಲಾರ ಜಿಲ್ಲೆಯ ತನ್ನ ಅಜ್ಜಿಯ ಊರಿನ ಕೆರೆಯ ಬಗ್ಗೆ ಬರೆದಿದ್ದಳು. ಚಿಕ್ಕವಳಿದ್ದಾಗ ಆ ಕೆರೆಯ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರಂತೆ. ಮುಂದೊಂದು ರಜೆಗೆ ಹೋದಾಗ ಕೆರೆಯಲ್ಲಿ ನೀರು. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಿದ್ದರು. ಅಜ್ಜಿಗೆ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂತೆಂಬ ಸಂತೋಷ, ಮಾವನಿಗೆ ಆ ನೀರು ಕುಡಿಯಬಹುದೇ ಎಂಬ ಅಳುಕು. ಹುಡುಗಿ ಕೇಳಿದ್ದಿಷ್ಟು: ಮಣ್ಣಿನಲ್ಲಿ ಇಂಗುವಾಗ ಆ ನೀರಿನೊಳಗಿನ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ? ಉತ್ತರ ಅವಳ ಬಳಿ ಇರಲಿಲ್ಲ. ಉತ್ತರ ಇಲ್ಲದ ಕಡೆ ಎಸ್ಸೆಯನ್ನು ನಿಲ್ಲಿಸುವ ಧೈರ್ಯ ಇತ್ತು. ಅರ್ಜಿ ಓದಿದ ನಮಗೆಲ್ಲ ಅವಳು ಬೇಕೇಬೇಕು ಅನ್ನಿಸಿತು.

3. ಹಣದ ಲೆಕ್ಕವನ್ನು ಸಂಕೋಚವಿಲ್ಲದೆ ಮಾಡಿ

ಆನರ್ಸ್ ಜೊತೆ ಸ್ಕಾಲರ್‌ಶಿಪ್ ಇದೆಯೇ? ನಾಲ್ಕೂ ವರ್ಷ ಬರುತ್ತದೆಯೇ, ಮೊದಲ ವರ್ಷ ಮಾತ್ರವೇ? ಜಿ.ಪಿ.ಎ. ಎಷ್ಟರ ಕೆಳಗೆ ಇಳಿದರೆ ನಿಲ್ಲುತ್ತದೆ? ಬ್ಯಾರೆಟ್‌ನಂತಹ ಕಡೆ ಆನರ್ಸ್‌ಗೆ ಪ್ರತ್ಯೇಕ ಶುಲ್ಕವೂ ಇದೆ. ಹೆಸರಾಂತ ಖಾಸಗಿ ಕಾಲೇಜಿಗಾಗಿ ಮನೆ ಅಡವಿಡಲು ಹೊರಟ ಕುಟುಂಬಗಳಿಗೆ ನಾನು ನೇರವಾಗಿಯೇ ಹೇಳುತ್ತೇನೆ: ನಿಮ್ಮ ರಾಜ್ಯದ ಆನರ್ಸ್ ಸಾಲವಿಲ್ಲದೆ ಸಿಗುವುದಾದರೆ ಅದನ್ನೇ ಹಿಡಿಯಿರಿ.

4. ಬ್ರೋಷರ್‌ನಲ್ಲಿ ಸಣ್ಣ ಅಕ್ಷರದಲ್ಲಿರುವುದೇ ದೊಡ್ಡದು

ಚೆಂದದ ಹಾಸ್ಟೆಲ್ ಕೋಣೆಗೆ ಮಾರುಹೋಗಬೇಡಿ. ಕೋರ್ಸ್ ನೋಂದಣಿಯಲ್ಲಿ ಮೊದಲ ಸರದಿ ಸಿಗುತ್ತದೆಯೇ ನೋಡಿ. ಕಂಪ್ಯೂಟರ್ ಸೈನ್ಸ್‌ನಂತಹ ವಿಭಾಗದಲ್ಲಿ ಬೇಕಾದ ಕ್ಲಾಸು ಸಿಗದೆ ಒಂದು ಸೆಮಿಸ್ಟರ್ ಹೆಚ್ಚಾದರೆ ಅದರ ಖರ್ಚು ಎಷ್ಟೆಂದು ಪೋಷಕರಿಗೆ ಗೊತ್ತು.

5. ಸೇರುವುದು ಸುಲಭ, ಮುಗಿಸುವುದು ಕಷ್ಟ

ಬಹಳಷ್ಟು ಕಡೆ ಆನರ್ಸ್ ಕೊನೆಗೆ ಬಂದು ನಿಲ್ಲುವುದು ಥೀಸಿಸ್‌ನ ಮುಂದೆ. ಮಕ್ಕಳು ಕೈಬಿಡುವುದೂ ಅಲ್ಲಿಯೇ. ಬುದ್ಧಿ ಸಾಲದೆ ಬಿಟ್ಟವರನ್ನು ನಾನು ಕಾಣೆ; ಗೈಡ್ ಹುಡುಕುವುದನ್ನು ಕೊನೆಯ ವರ್ಷದವರೆಗೆ ಮುಂದೂಡಿ ಬಿಟ್ಟವರನ್ನು ತುಂಬ ಕಂಡಿದ್ದೇನೆ. ಅಷ್ಟರಲ್ಲಿ ಇಂಟರ್ನ್‌ಶಿಪ್, ಕೆಲಸದ ಸಂದರ್ಶನ ಎಲ್ಲವೂ ಒಟ್ಟಿಗೆ ಬಂದಿರುತ್ತವೆ.

ಎರಡನೇ ವರ್ಷದಲ್ಲೇ ಒಬ್ಬ ಪ್ರಾಧ್ಯಾಪಕರ ಬಾಗಿಲು ತಟ್ಟಬೇಕು. ಅವರ ಒಂದಾದರೂ ಲೇಖನ ಓದಿಕೊಂಡು, ಅರ್ಥವಾಗದ ಒಂದು ಜಾಗವನ್ನು ಗುರುತಿಸಿಕೊಂಡು ಹೋದರೆ ಸಾಕು. ‘ನಿಮ್ಮ ಲ್ಯಾಬಿನಲ್ಲಿ ಜಾಗ ಇದೆಯೇ’ ಎಂದು ಎಲ್ಲರಿಗೂ ಒಂದೇ ಇಮೇಲ್ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಕೋಲಾರದ ಕೆರೆಯ ಹುಡುಗಿ ಮಣ್ಣು ವಿಜ್ಞಾನದ ಲ್ಯಾಬಿನಲ್ಲಿ ಮೊದಲ ಕೆಲವು ತಿಂಗಳು ಗಾಜಿನ ಕೊಳವೆ ತೊಳೆದಳು, ಮಾದರಿಗಳನ್ನು ಜರಡಿ ಹಿಡಿದಳು. ಥೀಸಿಸ್ ಆಮೇಲೆ ಹುಟ್ಟಿತು. ಅದು ಕೋಲಾರದ ಮೇಲಲ್ಲ, ಇಲ್ಲಿನ ಒಂದು ಊರಿನ ಚರಂಡಿ ನೀರಿನ ಮೇಲೆ. ಅವಳ ಪ್ರಶ್ನೆ ಮಾತ್ರ ಅದೇ.

6. ಹಾಗಾದರೆ ಇದಕ್ಕೆ ಬೆಲೆ ಇದೆಯೇ?

ಎಲ್ಲಿಗೆ ಹೊರಟಿದ್ದೀರಿ ಎಂಬುದರ ಮೇಲೆ. ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರ ರೆಸ್ಯೂಮೆಯಲ್ಲಿ ಅದು ಒಂದು ಸಾಲು. ಸಂದರ್ಶನದಲ್ಲಿ ಕೇಳುವುದು ಕೋಡ್ ಬಗ್ಗೆ. ಮೆಡಿಕಲ್ ಸ್ಕೂಲಿಗೆ ಜಿ.ಪಿ.ಎ. ಮತ್ತು ಎಂಕ್ಯಾಟ್ ಪ್ರವೇಶ ಪರೀಕ್ಷೆ ಮುಖ್ಯ. ಪಿಎಚ್.ಡಿ.ಗೆ ಹೋಗುವವರಿಗೆ ಮಾತ್ರ ಥೀಸಿಸ್, ಅದಕ್ಕೆ ಜೊತೆಯಾದ ಪ್ರಾಧ್ಯಾಪಕರ ಶಿಫಾರಸು ಪತ್ರ, ಇವೆರಡೂ ನಿಜಕ್ಕೂ ಬಾಗಿಲು ತೆರೆಯುತ್ತವೆ. ನಾನು ಆ ಪತ್ರಗಳನ್ನು ಬರೆಯುತ್ತೇನೆ, ಓದುತ್ತೇನೆ ಕೂಡ. ತರಗತಿಯಲ್ಲಿ ಮಾತ್ರ ನೋಡಿದ ವಿದ್ಯಾರ್ಥಿಯ ಬಗ್ಗೆ ಅರ್ಧ ಪುಟಕ್ಕಿಂತ ಹೆಚ್ಚು ಯಾರೂ ಬರೆಯಲಾರರು.

ಸಿಗಲಿಲ್ಲವೆಂದು ಕೊರಗುವವರಿಗೆ: ಅನೇಕ ಕಡೆ ಮೊದಲ ವರ್ಷ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಎಷ್ಟೋ ವಿಭಾಗಗಳಿಗೆ ತಮ್ಮದೇ ಆನರ್ಸ್ ಇದೆ. ಲ್ಯಾಬಿನ ಬಾಗಿಲಂತೂ ಎಲ್ಲರಿಗೂ ತಟ್ಟಲು ಸಿಗುತ್ತದೆ.

7. ಊರಿನ ಆನರ್ಸ್ ಬೇರೆ

ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಲ್ಲಿ ಆನರ್ಸ್ ಎಂದರೆ ಕೂಡಿಸಿದ ಒಂದು ವರ್ಷವಾಗಿತ್ತು. ಇಲ್ಲಿ ಅದೇ ನಾಲ್ಕು ವರ್ಷದೊಳಗಿನ ಹೆಚ್ಚಿನ ಕೆಲಸ. ಬೆಂಗಳೂರಿನ ನೆಂಟರ ಮಕ್ಕಳೊಂದಿಗೆ ಹೋಲಿಸಿ ನೋಡುವುದು ಬೇಡ.

8. ಇಮೇಲ್ ಮಗುವೇ ಬರೆಯಲಿ

1974ರ ಫೆರ್ಪಾ ಕಾನೂನಿನ ಪ್ರಕಾರ, ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಅಪ್ಪ ಅಮ್ಮ ಫೋನ್ ಮಾಡಿ ಅಂಕ ಕೇಳಿದರೆ ಸಾಮಾನ್ಯವಾಗಿ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ನಾವು ಹೇಳುವುದಿಲ್ಲ. ಕಾಲೇಜಿನವರಿಗೆ ಮಗುವೇ ಇಮೇಲ್ ಬರೆಯುವ, ಮಾತಾಡುವ ಅಭ್ಯಾಸ ಅರ್ಜಿಯ ಹೊತ್ತಿನಿಂದಲೇ ಆಗಲಿ. ಕ್ಯಾಂಪಸ್ ನೋಡಲು ಬಂದಾಗ ನೀವು ಹಿಂದೆ ನಿಲ್ಲಿ, ಮಗಳೇ ಕೇಳಲಿ: ನಿಮ್ಮಲ್ಲಿ ಸೇರಿದವರಲ್ಲಿ ಎಷ್ಟು ಜನ ಥೀಸಿಸ್ ಮುಗಿಸುತ್ತಾರೆ? ಬಿಟ್ಟವರು ಯಾಕೆ ಬಿಟ್ಟರು? ಈ ಎರಡಕ್ಕೂ ಸ್ಪಷ್ಟ ಉತ್ತರ ಕೊಡದ ಕಡೆ ಸೇರುವ ಮುಂಚೆ, ಅಲ್ಲಿ ಈಗ ಓದುತ್ತಿರುವ ಒಬ್ಬಿಬ್ಬರು ವಿದ್ಯಾರ್ಥಿಗಳ ಹತ್ತಿರ ಕೂತು ಮಾತಾಡಲಿ.